ಹದಿನಾರು ತುಂಬದವರನ್ನು ತೆರೆಮರೆಯ ಪ್ರವಾಸಕ್ಕೆ ಕರೆದೊಯ್ಯಬಹುದೇ?

ಬೇಸಿಗೆ ರಜೆಗೆ ಅಮೆರಿಕದ ಅಣ್ಣನ ಮನೆಗೋ ಅಕ್ಕನ ಮನೆಗೋ ಹೊರಟ ಕುಟುಂಬಗಳು ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ಗೆಂದು ಎರಡು ಮೂರು ದಿನ ತೆಗೆದಿಡುವುದು ಈಗ ರೂಢಿಯಾಗಿದೆ. ಹೈಸ್ಕೂಲು ಮುಟ್ಟಿದ ಮಕ್ಕಳಿಗೆ ಬರೀ ರೈಡುಗಳು ಸಾಲುವುದಿಲ್ಲ. ಇಷ್ಟು ದೊಡ್ಡ ಪಾರ್ಕನ್ನು ಹೇಗೆ ನಡೆಸುತ್ತಾರೆ, ಒಳಗೆ ಏನಿದೆ ಎಂಬ ಕುತೂಹಲ ಹುಟ್ಟಿರುತ್ತದೆ. ಅಂಥವರಿಗೆಂದೇ ಅಲ್ಲಿ ತೆರೆಮರೆಯ ಪ್ರವಾಸಗಳಿವೆ. ಅವುಗಳಲ್ಲಿ ಹೆಸರಾದದ್ದು ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿನ ‘ಕೀಸ್ ಟು ದ ಕಿಂಗ್‌ಡಮ್’. ಗೈಡ್ ಜೊತೆ ಸುಮಾರು 5 ಗಂಟೆಗಳ ಓಡಾಟ, ನಡುವೆ ಊಟ, ಜೊತೆಗೆ ಪಾರ್ಕಿನ ಅಡಿಯಲ್ಲಿರುವ ಸುರಂಗದಾರಿಗಳ ದರ್ಶನ. ಪಾರ್ಕಿನ ಟಿಕೆಟ್ ಬೇರೆ, ಪ್ರವಾಸದ ಟಿಕೆಟ್ ಬೇರೆ. ಬರುವವರಿಗೆ 16 ತುಂಬಿರಬೇಕು, ಫೋಟೊ ಇರುವ ಗುರುತಿನ ಚೀಟಿ ತೋರಿಸಬೇಕು.

ತೊಡಕು ಶುರುವಾಗುವುದು ಇಲ್ಲೇ. ನಮ್ಮಲ್ಲಿ ರಜೆ ಏಪ್ರಿಲ್, ಮೇ ತಿಂಗಳಲ್ಲಿ. ಮಗನಿಗೆ 16 ತುಂಬುವುದು ಆಗಸ್ಟ್‌ನಲ್ಲಿ. ಅಪ್ಪನ ಎತ್ತರಕ್ಕೆ ಬೆಳೆದಿದ್ದಾನೆ, ಮೀಸೆ ಚಿಗುರಿದೆ, ಯಾರು ನೋಡಿದರೂ ಕಾಲೇಜು ಹುಡುಗ ಎನ್ನುತ್ತಾರೆ. ಮೂರು ತಿಂಗಳ ಮಾತು ತಾನೆ, ಬುಕಿಂಗ್‌ನಲ್ಲಿ 16 ಎಂದು ಹಾಕಿಬಿಟ್ಟರೆ ಏನಾಗುತ್ತದೆ? ಇನ್ನು ಕೆಲವು ಮನೆಗಳಲ್ಲಿ ಅಣ್ಣನಿಗೆ 17, ತಂಗಿಗೆ 13. ಅವನನ್ನು ಕರೆದುಕೊಂಡು ಹೋಗಿ ಅವಳನ್ನು ಬಿಟ್ಟುಹೋಗುವುದು ಹೇಗೆ ಎಂಬ ಸಂಕಟ.

ವಯಸ್ಸು ಸುಳ್ಳು ಹೇಳಬೇಡಿ ಎಂಬುದೇ ನನ್ನ ಸಲಹೆ. ಪಾರ್ಕಿನವರು ತಾವಾಗಿ ಸಡಿಲ ಮಾಡಿದರೆ ಸಂತೋಷವಾಗಿ ಹೋಗಿ. ಇಲ್ಲವೆಂದರೆ ಅದೇ ದಿನ, ಅದೇ ಪಾರ್ಕುಗಳಲ್ಲಿ ಆ ಮಗುವಿನ ಕುತೂಹಲ ತಣಿಸುವ ಬೇರೆ ದಾರಿಗಳಿವೆ. ಅವುಗಳನ್ನೂ ಮುಂದೆ ಬರೆದಿದ್ದೇನೆ. ಅದಕ್ಕೆ ಮೊದಲು, ಈ ವಯಸ್ಸಿನ ಮಿತಿಗಳು ಯಾವುದನ್ನು ಕಾಯಲು ಇವೆ ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು. ಎಲ್ಲ ಮಿತಿಗಳೂ ಒಂದೇ ಜಾತಿಯವಲ್ಲ.

ಮೈಗೆ ಸಂಬಂಧಿಸಿದ ಮಿತಿಗಳು

ಡಿಸ್ನಿಯ ಅನಿಮಲ್ ಕಿಂಗ್‌ಡಮ್‌ನಲ್ಲಿ ‘ವೈಲ್ಡ್ ಆಫ್ರಿಕಾ ಟ್ರೆಕ್’ ಎಂಬ ಪ್ರವಾಸವಿದೆ. ಮೈಗೆ ಬೆಲ್ಟುಗಳ ಕವಚ ಬಿಗಿದು, ನೀರಾನೆಗಳನ್ನು ಮೇಲಿನಿಂದ ತೋರಿಸಿ, ಮೊಸಳೆಗಳ ಮೇಲೆ ಹಾದುಹೋಗುವ ತೂಗುಸೇತುವೆಯ ಮೇಲೆ ನಡೆಸುತ್ತಾರೆ. ಕನಿಷ್ಠ ವಯಸ್ಸು 8, ಎತ್ತರ 48 ಇಂಚು, ತೂಕ 45 ಪೌಂಡಿಗಿಂತ ಕಡಿಮೆ ಇರಬಾರದು, 300 ಪೌಂಡು ಮೀರಬಾರದು. ಆ ಕವಚ ಯಾವ ಮೈಗೆ ಸರಿಯಾಗಿ ಕೂರುತ್ತದೋ ಅದರ ಲೆಕ್ಕವೇ ಈ ಅಂಕಿಗಳು. ಏಳೂವರೆ ವರ್ಷದ ಹುಡುಗಿ ಎಷ್ಟೇ ಧೈರ್ಯವಂತೆ ಇರಲಿ, ಬೆಲ್ಟಿಗೆ ಧೈರ್ಯ ಗೊತ್ತಾಗುವುದಿಲ್ಲ. ಬಿಡದಿಯ ವಂಡರ್‌ಲಾದಲ್ಲಿ ರೈಡಿನ ಬಾಗಿಲಲ್ಲಿ ಮಕ್ಕಳನ್ನು ಅಳತೆಯ ಗೆರೆಗೆ ನಿಲ್ಲಿಸುವುದೂ ಇದಕ್ಕಾಗಿಯೇ. ಶೂ ಒಳಗೆ ಕಾಗದ ತುರುಕಿ, ಹಿಮ್ಮಡಿ ಎತ್ತಿ ನಿಲ್ಲು ಎಂದು ಮಕ್ಕಳಿಗೆ ಹೇಳಿಕೊಡುವ ಹಿರಿಯರನ್ನು ನೋಡಿದಾಗ ನನಗೆ ನಿಜವಾಗಿ ಭಯವಾಗುತ್ತದೆ.

ಭಯಕ್ಕೆ ಕಾರಣವಿದೆ. ಅಮೆರಿಕದ ಕಾನ್ಸಾಸ್ ಸಿಟಿಯ ಒಂದು ವಾಟರ್ ಪಾರ್ಕಿನಲ್ಲಿ 2014ರಲ್ಲಿ ‘ವೆರ್ರುಕ್ಟ್’ ಎಂಬ 168 ಅಡಿ ಎತ್ತರದ ಜಾರುಬಂಡೆ ತೆರೆಯಿತು. ಆಗ ಜಗತ್ತಿನಲ್ಲೇ ಅತಿ ಎತ್ತರದ್ದು. ಮೊದಲು ಅದಕ್ಕೆ 14 ವರ್ಷದ ಮಿತಿ ಇಟ್ಟುಕೊಂಡಿದ್ದರು. ಆಮೇಲೆ ಅದನ್ನು ಕೈಬಿಟ್ಟು 54 ಇಂಚಿನ ಎತ್ತರದ ನಿಯಮವನ್ನಷ್ಟೇ ಉಳಿಸಿಕೊಂಡರು. 2016ರ ಆಗಸ್ಟ್‌ನಲ್ಲಿ 10 ವರ್ಷದ ಬಾಲಕನೊಬ್ಬ ಅಲ್ಲಿ ತೀರಿಕೊಂಡ. ತೆಪ್ಪ ಗಾಳಿಗೆ ಹಾರಿ, ಮೇಲಿನ ಬಲೆಯನ್ನು ಹಿಡಿದಿದ್ದ ಲೋಹದ ಕಮಾನಿಗೆ ಬಡಿದಿತ್ತು. ವಿನ್ಯಾಸದ ದೋಷ ಅದರಲ್ಲಿ ದೊಡ್ಡದು, ವಯಸ್ಸಿನ ಮಿತಿ ಒಂದೇ ಅವನನ್ನು ಕೊಂದಿತು ಎನ್ನಲಾಗದು. ಮಾಲೀಕರ ಮೇಲಿನ ಕ್ರಿಮಿನಲ್ ಮೊಕದ್ದಮೆ 2019ರಲ್ಲಿ ವಜಾ ಆಯಿತು. ಆದರೂ 14ರ ಮಿತಿ ಉಳಿದಿದ್ದರೆ ಆ ಬಾಲಕ ಆ ತೆಪ್ಪದಲ್ಲಿ ಕೂತಿರುತ್ತಿರಲಿಲ್ಲ. ಮಿತಿಯನ್ನು ಸಡಿಲಿಸಿದವರು ಪಾರ್ಕಿನವರೇ ಆಗಿರಲಿ, ಅಪ್ಪ ಅಮ್ಮನೇ ಆಗಿರಲಿ, ಕವಚದೊಳಗೆ ಇರುವುದು ಮಗು. ಬೆಲ್ಟು, ಹಗ್ಗ, ನೀರು, ಪ್ರಾಣಿ ಇವುಗಳಲ್ಲಿ ಯಾವುದಾದರೂ ಒಂದು ಇರುವ ಪ್ರವಾಸದಲ್ಲಿ ವಯಸ್ಸನ್ನಾಗಲಿ ಎತ್ತರವನ್ನಾಗಲಿ ತಿದ್ದುವ ಮಾತೇ ಬೇಡ.

ಮರುಳು ಕಾಯುವ ಮಿತಿ

‘ಕೀಸ್ ಟು ದ ಕಿಂಗ್‌ಡಮ್’ನ 16ರ ಮಿತಿ ಈ ಜಾತಿಯದಲ್ಲ. ಅಲ್ಲಿ ಜಾರಿಬೀಳುವ ಹಗ್ಗವಿಲ್ಲ, ಮೊಸಳೆಯಿಲ್ಲ. ನಡೆಯಬೇಕು, ಕೇಳಬೇಕು, ಅಷ್ಟೆ. ಹಾಗಾದರೆ 15 ವರ್ಷದವನಿಗೆ ಏನು ಅಪಾಯ? ಅಪಾಯ ಅವನಿಗಲ್ಲ. ಇದನ್ನು ತಿಳಿಯಲು ಆ ಸುರಂಗಗಳ ಕತೆ ಗೊತ್ತಿರಬೇಕು.

ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ 1955ರಲ್ಲಿ ತೆರೆದ ಮೇಲೆ ವಾಲ್ಟ್ ಡಿಸ್ನಿ ಒಮ್ಮೆ ಅಲ್ಲಿ ಓಡಾಡುತ್ತಿದ್ದಾಗ, ಕೌಬಾಯ್ ವೇಷದ ಉದ್ಯೋಗಿಯೊಬ್ಬ ಭವಿಷ್ಯದ ಲೋಕವನ್ನು ತೋರಿಸುವ ಟುಮಾರೋಲ್ಯಾಂಡ್ ನಡುವೆ ಹಾದುಹೋದದ್ದು ಕಣ್ಣಿಗೆ ಬಿತ್ತಂತೆ. ತನ್ನ ಜಾಗದ ಕೆಲಸಕ್ಕೆ ಹೋಗಲು ಆತನಿಗೆ ಇದ್ದದ್ದು ಅದೊಂದೇ ದಾರಿ. ನೋಡುಗರ ಮರುಳು ಅಲ್ಲಿಗೆ ಒಡೆಯಿತು ಎಂದು ವಾಲ್ಟ್‌ಗೆ ಅನ್ನಿಸಿತು ಎಂಬ ಕತೆಯನ್ನು ಡಿಸ್ನಿಯವರು ಇಂದಿಗೂ ಹೇಳುತ್ತಾರೆ. ಫ್ಲೋರಿಡಾದಲ್ಲಿ ಹೊಸ ಪಾರ್ಕು ಕಟ್ಟುವಾಗ ಅದಕ್ಕೆ ಪರಿಹಾರ ಹುಡುಕಿದರು. ಅಲ್ಲಿ ನೆಲ ಸ್ವಲ್ಪ ಅಗೆದರೂ ನೀರು ಬರುತ್ತದೆ, ಹಾಗಾಗಿ ಕೆಳಗೆ ತೋಡಲಿಲ್ಲ. ನೆಲಮಟ್ಟದಲ್ಲೇ ದಾರಿಗಳನ್ನು ಕಟ್ಟಿ, ಪಕ್ಕದ ಸರೋವರಕ್ಕೆಂದು ತೆಗೆದ ಮಣ್ಣನ್ನು ಸುತ್ತ ತುಂಬಿ, ಅದರ ಮೇಲೆ ಪಾರ್ಕು ಎಬ್ಬಿಸಿದರು. 1971ರ ಅಕ್ಟೋಬರ್ 1ರಂದು ತೆರೆದ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಜನ ಓಡಾಡುವ ಬೀದಿಗಳು ವಾಸ್ತವವಾಗಿ ಮೇಲಂತಸ್ತಿನಲ್ಲಿವೆ. ಕೆಳಗೆ ಸುಮಾರು 9 ಎಕರೆಯಷ್ಟು ಹರಡಿರುವ ಈ ದಾರಿಗಳನ್ನು ಅಲ್ಲಿಯವರು ಯುಟಿಲಿಡಾರ್ ಎನ್ನುತ್ತಾರೆ. ಸಾಮಾನು ಸಾಗಿಸುವ ಬ್ಯಾಟರಿ ಗಾಡಿಗಳು, ಉದ್ಯೋಗಿಗಳ ಊಟದ ಮನೆ, ಕಸವನ್ನು ಕೊಳವೆಗಳಲ್ಲಿ ಗಾಳಿಯ ಸೆಳೆತದಿಂದ ಎಳೆದೊಯ್ಯುವ ಸ್ವೀಡನ್ನಿನ ಏರ್ಪಾಡು ಎಲ್ಲವೂ ಅಲ್ಲಿವೆ.

ಅದೇ ದಾರಿಗಳಲ್ಲಿ ವೇಷದ ತಲೆಯನ್ನು ಬಗಲಲ್ಲಿ ಹಿಡಿದು ಬೆವರು ಒರೆಸಿಕೊಳ್ಳುತ್ತ ಹೋಗುವವರು ಎದುರಾಗಬಹುದು. ಪಾರ್ಕಿನ ಮೇಲ್ಗಡೆ ಮಿಕ್ಕಿಯನ್ನು ತಬ್ಬಿಕೊಂಡ ನಾಲ್ಕು ವರ್ಷದ ಮಗುವಿಗೆ ಆ ನೋಟ ಸಿಗಬಾರದು ಎಂಬುದು ಈ ಇಡೀ ಕಟ್ಟಡದ ಉದ್ದೇಶ. ಸುರಂಗದ ಒಳಗೆ ಫೋಟೊ ತೆಗೆಯಲು ಬಿಡದಿರುವುದೂ ಆ ಕಾರಣಕ್ಕೆ. 15 ವರ್ಷದವನು ಇದನ್ನೆಲ್ಲ ಅರಿತವನೇ, ಒಪ್ಪೋಣ. ಆದರೆ 15 ಆದರೆ 14 ಏಕಲ್ಲ, 14 ಆದರೆ 11 ಏಕಲ್ಲ ಎಂದು ಪ್ರತಿ ಕುಟುಂಬವೂ ತನ್ನ ಮಗುವಿನ ಪ್ರೌಢಿಮೆಯ ಸಾಕ್ಷಿ ಹೇಳತೊಡಗಿದರೆ ಬಾಗಿಲಲ್ಲಿ ನಿಂತ ಉದ್ಯೋಗಿ ಯಾರನ್ನು ನಂಬಬೇಕು? ಜೊತೆಗೆ ಅದು ನೂರಾರು ಜನರ ಕೆಲಸದ ಜಾಗ. ಬಿಡುವಿನಲ್ಲಿರುವವರು, ಬಟ್ಟೆ ಬದಲಿಸಿ ಬರುವವರು, ಅವಸರದಲ್ಲಿ ಗಾಡಿ ಓಡಿಸುವವರು ಇರುತ್ತಾರೆ. ತಾವು ನೋಡುಗರ ಕಣ್ಣಿನಿಂದ ದೂರ ಇದ್ದೇವೆ ಎಂಬ ನಿರಾಳ ಅವರ ಹಕ್ಕು. ಪ್ರವಾಸಕ್ಕೆ ಹಣ ಕೊಟ್ಟ ಉಳಿದವರಿಗೂ ಒಂದು ಪಾಲಿದೆ. ಕೇಳುಗರೆಲ್ಲ ದೊಡ್ಡವರು ಎಂಬ ಭರವಸೆಯಲ್ಲೇ ಗೈಡ್ ಮುಚ್ಚುಮರೆಯಿಲ್ಲದೆ ಮಾತಾಡುತ್ತಾರೆ. ಗುಂಪಿನಲ್ಲಿ ಚಿಕ್ಕ ಮಗುವೊಂದು ಕಂಡರೆ ಅವರ ಮಾತು ತಾನಾಗಿಯೇ ಹಿಡಿತಕ್ಕೆ ಬರುತ್ತದೆ.

ನಮ್ಮ ಕರಾವಳಿಯವರು ಇಲ್ಲಿ ಒಂದು ಆಕ್ಷೇಪ ಎತ್ತಬಹುದು, ಅದು ತೂಕದ ಆಕ್ಷೇಪವೇ. ಯಕ್ಷಗಾನದ ಚೌಕಿಯಲ್ಲಿ ಮಕ್ಕಳು ಬಾಗಿಲಿಗೆ ಆತುಕೊಂಡು ನಿಂತು, ಪಕ್ಕದ ಊರಿನ ಪರಿಚಿತ ಮುಖವೊಂದು ಬಣ್ಣ ಬಳಿದುಕೊಂಡು ರಾವಣನಾಗುವುದನ್ನು ಕಣ್ಣಾರೆ ನೋಡುತ್ತಾರೆ. ಆಮೇಲೆ ಅದೇ ರಾವಣ ರಂಗಕ್ಕೆ ಬಂದು ಅಬ್ಬರಿಸಿದರೆ ಹೆದರಿ ಅಜ್ಜಿಯ ಸೆರಗು ಹಿಡಿಯುತ್ತಾರೆ. ವೇಷ ಕಟ್ಟುವುದನ್ನು ನೋಡಿದರೆ ಮರುಳು ಹೋಗುತ್ತದೆ ಎಂಬ ಡಿಸ್ನಿಯವರ ನಂಬಿಕೆ ನಮಗೆ ವಿಚಿತ್ರವಾಗಿ ಕಂಡರೆ ಆಶ್ಚರ್ಯವಿಲ್ಲ. ನನಗೂ ಅವರ ನಂಬಿಕೆಗಿಂತ ನಮ್ಮ ಚೌಕಿಯೇ ಹೆಚ್ಚು ಪ್ರಿಯ. ಆದರೆ ಚೌಕಿಗೂ ತನ್ನ ಕಟ್ಟಳೆಗಳಿವೆ. ಅಲ್ಲಿ ಗಣಪತಿಗೆ ಪೂಜೆಯಾಗುತ್ತದೆ, ಚಪ್ಪಲಿ ಹಾಕಿಕೊಂಡು ನುಗ್ಗುವಂತಿಲ್ಲ. ಯಾರನ್ನು ಎಲ್ಲಿಯವರೆಗೆ ಬಿಡಬೇಕೆಂದು ತೀರ್ಮಾನಿಸುವವರು ಮೇಳದವರು, ನೋಡಲು ಬಂದವರಲ್ಲ. ಫ್ಲೋರಿಡಾದಲ್ಲೂ ಆ ಮಾತು ಪಾರ್ಕಿನವರದೇ.

ಅರ್ಧ ಟಿಕೆಟ್ಟಿನ ಅಭ್ಯಾಸ

ವಯಸ್ಸು ತಿದ್ದಿ ಹೇಳುವುದು ನಮ್ಮಲ್ಲಿ ಎಷ್ಟು ಸಲೀಸಾಗಿದೆ ಎಂದರೆ ಅದನ್ನು ಸುಳ್ಳು ಎಂದೇ ನಾವು ಎಣಿಸುವುದಿಲ್ಲ. ಸರ್ಕಾರಿ ಬಸ್ಸಿನಲ್ಲಿ 6 ತುಂಬುವವರೆಗೆ ಟಿಕೆಟ್ ಇಲ್ಲ, 12ರವರೆಗೆ ಅರ್ಧ. ರೈಲಿನಲ್ಲಿ 5 ತುಂಬದವರಿಗೆ ಬೇರೆ ಬರ್ತ್ ಬೇಡವಾದರೆ ದುಡ್ಡಿಲ್ಲ. ಕಂಡಕ್ಟರ್ ಬಂದಾಗ ‘ಐದು ಅನ್ನು ಪುಟ್ಟಾ’ ಎಂದು ಕಿವಿಯಲ್ಲಿ ಹೇಳಿದ ಮನೆಗಳೇ ಹೆಚ್ಚು. ಡಿಸ್ನಿ ವರ್ಲ್ಡ್‌ನಲ್ಲೂ 3 ತುಂಬದವರಿಗೆ ಟಿಕೆಟ್ ಬೇಡ, 3ರಿಂದ 9ರವರೆಗೆ ಮಕ್ಕಳ ದರ, 10ರಿಂದ ದೊಡ್ಡವರ ದರ. ಒಂದೇ ದಿನ ಒಂದೇ ಮಗುವಿಗೆ ಗೇಟಿನಲ್ಲಿ ವಯಸ್ಸು ಇಳಿಸಿ, ಪ್ರವಾಸದ ಕೌಂಟರಿನಲ್ಲಿ ಏರಿಸಿ ಹೇಳುವ ಪ್ರಸಂಗ ಬಂದರೆ ಆ ಮಗುವಿಗೆ ನಾವು ಏನು ಕಲಿಸಿದ ಹಾಗಾಯಿತು? ಹದಿನೈದರ ಹುಡುಗ ಐದರ ಪುಟ್ಟನಲ್ಲ. ಅಪರಿಚಿತ ದೇಶದಲ್ಲಿ, ಬೇರೆಯವರ ಎದುರು, ಅಪ್ಪ ಹೇಳಿಕೊಟ್ಟ ಸುಳ್ಳನ್ನು ತನ್ನ ಬಾಯಿಂದ ಹೇಳುವ ಮುಜುಗರ ಅವನದು. 5 ಗಂಟೆ ಹೊತ್ತು ಯಾರಾದರೂ ‘ಯಾವ ಕ್ಲಾಸು?’ ಎಂದು ಕೇಳಿಬಿಟ್ಟಾರು ಎಂಬ ಆತಂಕದಲ್ಲಿ ನಡೆಯುವ ಪ್ರವಾಸದಲ್ಲಿ ಸುಖವಿರುವುದಿಲ್ಲ. ಬುಕಿಂಗ್‌ಗೆ ಮುಂಚೆ ಅವನನ್ನೇ ಕೇಳಿ ನೋಡಿ. ಬಹಳಷ್ಟು ಮಕ್ಕಳು ಬೇಡ ಎನ್ನುತ್ತಾರೆ.

ನಿಯಮಗಳು ಕಲ್ಲಿನಲ್ಲಿ ಕೊರೆದವೇನಲ್ಲ, ಸಡಿಲವಾಗುವುದೂ ಉಂಟು. ಒಂದನೇ ತರಗತಿಗೆ ಜೂನ್ 1ಕ್ಕೆ 6 ತುಂಬಿರಬೇಕು ಎಂಬ ನಿಯಮದ ಬಿಸಿ ತಾಗಿದಾಗ ಕರ್ನಾಟಕದ ಪೋಷಕರು ಸರ್ಕಾರದ ಮೊರೆ ಹೋದರು, 2025-26ರ ಸಾಲಿಗೆ ಮಾತ್ರ 5 ವರ್ಷ 5 ತಿಂಗಳಿಗೆ ಇಳಿಸಿ ಆದೇಶವಾಯಿತು. ಆ ಆದೇಶ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಅಲ್ಲಿ ಆದದ್ದು ಬಹಿರಂಗವಾಗಿ ಆಯಿತು, ಎಲ್ಲ ಮಕ್ಕಳಿಗೂ ಒಂದೇ ರೀತಿ ಅನ್ವಯಿಸಿತು. ಥೀಮ್ ಪಾರ್ಕುಗಳೂ ಹೀಗೆ ಮಾಡಬೇಕೆಂದು ನನ್ನ ಆಸೆ. ಎಂಜಿನಿಯರಿಂಗ್, ರಂಗಸಜ್ಜಿಕೆಯ ಹುಚ್ಚು ಹತ್ತಿದ 13, 14ರ ಮಕ್ಕಳಿಗೆ, ಪೋಷಕರ ಜೊತೆ, ವೇಷಗಳ ಕಡೆ ಹೋಗದ ಒಂದು ಬೇರೆ ಪ್ರವಾಸವನ್ನು ಏರ್ಪಡಿಸಬಹುದು. ಆ ವಯಸ್ಸಿನಲ್ಲಿ ಹತ್ತಿದ ಹುಚ್ಚು ಜೀವನದ ದಾರಿಯಾಗುವುದುಂಟು. ಇದನ್ನು ಪಾರ್ಕಿನ ಅತಿಥಿ ಸೇವೆಗೆ ಬರೆದು ತಿಳಿಸುವುದು ಸುಳ್ಳು ವಯಸ್ಸು ಹಾಕುವುದಕ್ಕಿಂತ ಮುಂದೆ ಬರುವ ಮಕ್ಕಳಿಗೆ ಹೆಚ್ಚು ಉಪಕಾರ.

ಕೇಳುವುದಾದರೆ ಹೀಗೆ ಕೇಳಿ

ಊರಿನಿಂದ ಹೊರಡುವ ಮೊದಲೇ, ಬುಕಿಂಗ್ ಮಾಡುವ ಮುನ್ನವೇ ಫೋನ್ ಮಾಡಿ. ನಿಮ್ಮಿಂದ ಆಗದಿದ್ದರೆ ಅಲ್ಲಿರುವ ಅಣ್ಣನೋ ಅಕ್ಕನೋ ಮಾಡಲಿ. ಮಗುವಿನ ಹುಟ್ಟಿದ ದಿನ, ಪ್ರವಾಸದ ದಿನ ಎರಡನ್ನೂ ನಿಜವಾಗಿ ಹೇಳಿ, ಅವಕಾಶವಿದೆಯೇ ಎಂದು ಒಮ್ಮೆ ಕೇಳಿ. ಇದೆ ಎಂದರೆ ಅದನ್ನು ಇಮೇಲಿನಲ್ಲಿ ಬರೆಸಿಕೊಳ್ಳಿ. ಇಲ್ಲ ಎಂದರೆ ಅಲ್ಲಿಗೆ ಬಿಡಿ. ಬೆಳಿಗ್ಗೆ ಕೌಂಟರಿನಲ್ಲಿ ನಿಂತು ‘ಅಷ್ಟು ದೂರದಿಂದ ಬಂದಿದ್ದೇವೆ’ ಎಂದು ಒತ್ತಾಯಿಸುವುದು ಬೇಡ. ಗೈಡ್‌ಗೆ ಆ ನಿಯಮ ಬದಲಿಸುವ ಅಧಿಕಾರವಿಲ್ಲ, ನಿಮ್ಮ ಮೇಲಿನ ಕನಿಕರಕ್ಕೆ ಬದಲಿಸಿದರೆ ಹೋಗುವುದು ಅವರ ಕೆಲಸ.

ಗುರುತಿನ ಚೀಟಿಯ ವಿಷಯ ಮರೆಯುವಂತಿಲ್ಲ. ಭಾರತದಿಂದ ಹೋದವರಿಗೆ ಅಲ್ಲಿ ನಡೆಯುವ ಚೀಟಿ ಎಂದರೆ ಪಾಸ್‌ಪೋರ್ಟು, ಅದರಲ್ಲಿ ಹುಟ್ಟಿದ ದಿನ ಅಚ್ಚಾಗಿದೆ. ಅಲ್ಲಿಗೆ ಸುಳ್ಳಿನ ದಾರಿ ಮುಗಿಯಿತು, ಕಟ್ಟಿದ ಹಣವೂ ಹೋಗಬಹುದು. ನಿಜವಾಗಿ 16 ತುಂಬಿದವರಿಗೂ ಒಂದು ಗೊಂದಲ ಕಾದಿರುತ್ತದೆ. ನಾವು ದಿನ ಮೊದಲು, ತಿಂಗಳು ಆಮೇಲೆ ಬರೆಯುತ್ತೇವೆ, ಅಮೆರಿಕದವರು ತಿಂಗಳು ಮೊದಲು ಬರೆಯುತ್ತಾರೆ. ಮಾರ್ಚ್ 8ರಂದು ಹುಟ್ಟಿದವಳ 08/03 ಅವರ ಕಣ್ಣಿಗೆ ಆಗಸ್ಟ್ 3 ಆಗುತ್ತದೆ, ಮೇ ತಿಂಗಳಲ್ಲಿ ಅವಳಿಗೆ ಇನ್ನೂ 16 ಆಗಿಲ್ಲ ಎಂದು ತೋರುತ್ತದೆ. ಬುಕಿಂಗ್ ಫಾರಂನಲ್ಲಿ ತಿಂಗಳನ್ನು ಮೊದಲು ತುಂಬಿ, ಕೌಂಟರಿನಲ್ಲಿ ತಿಂಗಳ ಹೆಸರನ್ನು ಬಾಯಿಬಿಟ್ಟು ಹೇಳಿ. ಶಾಲೆಗೆ ಸೇರಿಸುವಾಗ ಬರೆಸಿದ ತಾರೀಕೇ ಪಾಸ್‌ಪೋರ್ಟಿನಲ್ಲೂ ಉಳಿದುಬಿಟ್ಟ ಮನೆಗಳಿದ್ದರೆ, ಲೆಕ್ಕಕ್ಕೆ ಬರುವುದು ಪಾಸ್‌ಪೋರ್ಟಿನ ತಾರೀಕು ಮಾತ್ರ.

ಊಟ ಪ್ರವಾಸದ ಬೆಲೆಯಲ್ಲೇ ಸೇರಿದೆ. ಸಸ್ಯಾಹಾರಿಗಳು ಬುಕಿಂಗ್ ಮಾಡುವಾಗ ಒಮ್ಮೆ, ಬೆಳಿಗ್ಗೆ ಹಾಜರಿ ಹಾಕುವಾಗ ಮತ್ತೊಮ್ಮೆ ಹೇಳಿ. ಮೊಟ್ಟೆ, ಮೀನು ಕೂಡ ಬೇಡ ಎಂದು ಬಿಡಿಸಿ ಹೇಳಿ.

ಹದಿನಾರು ಆಗದವರಿಗೆ ಏನಿದೆ

ಬೇಕಾದಷ್ಟಿದೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಎಪ್ಕಾಟ್ ಪಾರ್ಕಿನ ‘ಬಿಹೈಂಡ್ ದ ಸೀಡ್ಸ್’. ಸುಮಾರು 1 ಗಂಟೆಯ ಪ್ರವಾಸ, ಎಲ್ಲ ವಯಸ್ಸಿನವರಿಗೂ ಪ್ರವೇಶ. ಮಣ್ಣಿಲ್ಲದೆ ನೀರು ಮತ್ತು ಪೋಷಕಾಂಶಗಳಲ್ಲಿ ಬೆಳೆ ತೆಗೆಯುವ ಹಸಿರುಮನೆಗಳು, ಮೀನು ಸಾಕಣೆ, ಅಚ್ಚಿನೊಳಗೆ ಬೆಳೆಸಿ ಮಿಕ್ಕಿಯ ಆಕಾರ ಬರಿಸಿದ ತರಕಾರಿ ಇಲ್ಲಿವೆ. ಇಲ್ಲಿ ಬೆಳೆದದ್ದು ಡಿಸ್ನಿಯ ಅಡುಗೆಮನೆಗಳಿಗೂ ಹೋಗುತ್ತದೆ. ತೋಟ ತುಡಿಕೆ ಕಂಡ ನಮ್ಮ ಅಜ್ಜ ಅಜ್ಜಿಯರು ಮೊಮ್ಮಕ್ಕಳಿಗಿಂತ ಹೆಚ್ಚು ಪ್ರಶ್ನೆ ಕೇಳುವ ಜಾಗ ಇದು. ಪ್ರತ್ಯೇಕ ಹಣ ಕೊಡಲು ಮನಸ್ಸಿಲ್ಲದಿದ್ದರೆ, ಅದೇ ಕಟ್ಟಡದ ‘ಲಿವಿಂಗ್ ವಿತ್ ದ ಲ್ಯಾಂಡ್’ ದೋಣಿ ಇವೇ ಹಸಿರುಮನೆಗಳ ನಡುವೆ ಹಾದುಹೋಗುತ್ತದೆ. ಪಾರ್ಕಿನ ಟಿಕೆಟ್ಟೇ ಸಾಕು.

ಪ್ರಾಣಿಪ್ರಿಯ ಮಕ್ಕಳಿಗೆ ಅನಿಮಲ್ ಕಿಂಗ್‌ಡಮ್‌ನ ‘ಕೇರಿಂಗ್ ಫಾರ್ ಜೈಂಟ್ಸ್’ ಇದೆ, 4 ವರ್ಷದಿಂದಲೇ ಬಿಡುತ್ತಾರೆ. ಆಫ್ರಿಕದ ಆನೆಗಳನ್ನು ತುಸು ದೂರದಿಂದ ನೋಡುತ್ತ, ಅವುಗಳ ಆರೈಕೆ ಹೇಗೆ ನಡೆಯುತ್ತದೆ ಎಂದು ನೋಡಿಕೊಳ್ಳುವವರಿಂದಲೇ ಕೇಳಬಹುದು. ದುಬಾರೆಯಲ್ಲೋ ಸಕ್ರೆಬೈಲಿನಲ್ಲೋ ನಮ್ಮ ಆನೆಗಳನ್ನು ಕಂಡ ಮಗು ಅಲ್ಲಿ ತಾನೇ ಹೋಲಿಸಿ ಪ್ರಶ್ನೆ ಕೇಳುತ್ತದೆ. 8 ದಾಟಿದ, ಎತ್ತರ ತೂಕ ಸರಿಯಿರುವ ಮಕ್ಕಳಿಗೆ ಮೇಲೆ ಹೇಳಿದ ‘ವೈಲ್ಡ್ ಆಫ್ರಿಕಾ ಟ್ರೆಕ್’.

ಯಂತ್ರಗಳ ಹುಚ್ಚಿರುವ 13ರ ಹುಡುಗಿಗೆ ಮ್ಯಾಜಿಕ್ ಕಿಂಗ್‌ಡಮ್‌ನಲ್ಲೇ ಬೇರೆ ಟಿಕೆಟ್ ಇಲ್ಲದೆ ನೋಡಲು ಸಾಕಷ್ಟಿದೆ. ಟುಮಾರೋಲ್ಯಾಂಡಿನ ಪೀಪಲ್‌ಮೂವರ್ ಎಂಬ ನಿಧಾನದ ಗಾಡಿ ಸ್ಪೇಸ್ ಮೌಂಟನ್ ರೋಲರ್ ಕೋಸ್ಟರಿನ ಕಟ್ಟಡದ ಒಳಗೆ ಹಾದುಹೋಗುತ್ತದೆ. ವಾಲ್ಟ್ ಕನಸಿದ ನಗರದ ಮಾದರಿಯ ಒಂದು ಭಾಗವೂ ಅದರಿಂದ ಕಾಣುತ್ತದೆ. ಪಾರ್ಕನ್ನು ಸುತ್ತುವ ರೈಲಿನ ಉಗಿಬಂಡಿಗಳು ನಿಜವಾದವು. ಬಾಲ್ಡ್‌ವಿನ್ ಕಂಪನಿ 20ನೇ ಶತಮಾನದ ಮೊದಲ ದಶಕಗಳಲ್ಲಿ ತಯಾರಿಸಿದ ಆ ಎಂಜಿನ್‌ಗಳನ್ನು ಮೆಕ್ಸಿಕೊದ ಯುಕಟಾನ್‌ನಿಂದ ಕೊಂಡುತಂದು ಸಜ್ಜುಮಾಡಿದರು. ‘ಹಾಂಟೆಡ್ ಮ್ಯಾನ್ಶನ್’ನ ನೃತ್ಯಶಾಲೆಯಲ್ಲಿ ಪಾರದರ್ಶಕ ದೆವ್ವಗಳು ಕುಣಿಯುವುದು 19ನೇ ಶತಮಾನದ ರಂಗತಂತ್ರವೊಂದರಿಂದ. ದೊಡ್ಡ ಗಾಜು, ಬೆಳಕು, ಪ್ರತಿಫಲನ, ಇಷ್ಟೇ. ಹೋಗುವ ಮೊದಲು ಮನೆಯಲ್ಲಿ ಕಿಟಕಿಯ ಗಾಜು, ಟಾರ್ಚು ಇಟ್ಟುಕೊಂಡು ಇದನ್ನು ಮಾಡಿನೋಡಿದ ಮಗುವಿಗೆ ಅಲ್ಲಿ ಸಿಗುವ ಸಂತೋಷವೇ ಬೇರೆ.

ಪ್ರಯಾಣ ಕ್ಯಾಲಿಫೋರ್ನಿಯಾದ ಕಡೆಗಾದರೆ ಯೂನಿವರ್ಸಲ್ ಸ್ಟುಡಿಯೋಸ್ ಹಾಲಿವುಡ್‌ನ ಟ್ರಾಮ್ ಪ್ರವಾಸ ಚಿಕ್ಕ ಮಕ್ಕಳಿಗೂ ತೆರೆದಿದೆ. 1964ರಿಂದ ನಡೆಯುತ್ತಿರುವ ಇದು ಸಿನಿಮಾ ಸೆಟ್ಟುಗಳ ನಡುವೆಯೇ ಸಾಗುತ್ತದೆ. ಕಿವಿಗಡಚಿಕ್ಕುವ ಸದ್ದು, ಕೃತಕ ಭೂಕಂಪ ಇರುವುದರಿಂದ ಬೇಗ ಹೆದರುವ ಮಕ್ಕಳಿಗೆ ಮೊದಲೇ ಹೇಳಿರಿ.

ಅಣ್ಣನಿಗೆ 17, ತಂಗಿಗೆ 13 ಇರುವ ಮನೆಯವರು ಹೀಗೆ ಮಾಡಬಹುದು. ಒಬ್ಬರು ಅಣ್ಣನ ಜೊತೆ ಪ್ರವಾಸಕ್ಕೆ ಹೋಗಲಿ, ಇನ್ನೊಬ್ಬರು ತಂಗಿಯ ಜೊತೆ ಉಳಿಯಲಿ. ಆ 5 ಗಂಟೆಗಳ ಯೋಜನೆಯನ್ನು ತಂಗಿಯೇ ಮಾಡಲಿ, ಯಾವ ರೈಡು, ಎಲ್ಲಿ ಊಟ, ಎಲ್ಲವೂ ಅವಳ ಇಷ್ಟದಂತೆ. ಡಿಸ್ನಿ ಪಾರ್ಕುಗಳಿಗೆ 14 ತುಂಬದ ಮಕ್ಕಳು ಒಬ್ಬರೇ ಹೋಗುವಂತಿಲ್ಲ, 14 ಅಥವಾ ಹೆಚ್ಚು ವಯಸ್ಸಿನ ಯಾರಾದರೂ ಜೊತೆಗಿರಬೇಕು. ಅಂದರೆ 15ರ ಮಗನಿಗೆ ಪ್ರವಾಸ ಸಿಗದಿದ್ದರೂ ಪಾರ್ಕಿನಲ್ಲಿ ತಾನೇ ಓಡಾಡಲು ನಿಯಮದ ಅಡ್ಡಿಯಿಲ್ಲ, ತಂಗಿಯನ್ನೂ ಕರೆದುಕೊಂಡು ಹೋಗಬಹುದು. ಅಪ್ಪ ಅಮ್ಮ ಇಬ್ಬರೂ ಪ್ರವಾಸಕ್ಕೆ ಹೊರಟರೆ ಮಗನ ಫೋನಿನಲ್ಲಿ ಅಲ್ಲಿಯ ಸಿಮ್ ಇದೆಯೇ, ಚಾರ್ಜ್ ತುಂಬಿದೆಯೇ ನೋಡಿ, ಪ್ರವಾಸ ಮುಗಿಯುವ ಹೊತ್ತನ್ನು ಗೈಡ್‌ನಿಂದ ಕೇಳಿಕೊಂಡು, ಸೇರುವ ಜಾಗ ಗೊತ್ತುಮಾಡಿಕೊಳ್ಳಿ. ಮುಖ್ಯದ್ವಾರದ ಪಕ್ಕದ ರೈಲು ನಿಲ್ದಾಣ ಎಲ್ಲರಿಗೂ ಕಾಣುವಂಥದ್ದು. ಇನ್ನು ಹುಟ್ಟುಹಬ್ಬಕ್ಕೆ ಎರಡು ಮೂರು ವಾರವಷ್ಟೇ ಬಾಕಿ ಇದ್ದು, ಅಮೆರಿಕದಲ್ಲಿ ಹೇಗೂ ಒಂದು ತಿಂಗಳು ಇರುವವರು ಫ್ಲೋರಿಡಾವನ್ನು ಕೊನೆಯ ವಾರಕ್ಕೆ ಇಟ್ಟುಕೊಳ್ಳಿ. ಒಳನಾಡಿನ ವಿಮಾನದ ಟಿಕೆಟ್ ತೆಗೆಯುವ ಮೊದಲೇ ಈ ಲೆಕ್ಕ ಹಾಕಿ.